ವೈನಿ ಹೊಲಿದ ಬಟ್ಟೆ

ನಮ್ಮ ವೈನಿ ನಡೆಯುವಾಗ ಎಡಗೈಯನ್ನು ಕಿಬ್ಬೊಟ್ಟೆಯ ಮೇಲೆ ಒತ್ತಿ ಹಿಡಿದಿರುತ್ತಿದ್ದಳು. ತಲೆಯ ಮೇಲೆ ಕೊಡವಿರಲಿ, ಕೈಯಲ್ಲಿ ಕಸಬರಿಗೆಯಿರಲಿ, ಆ ಕೈ ಅಲ್ಲಿಂದ ಬಹಳ ಹೊತ್ತು ದೂರ ಇರುತ್ತಿರಲಿಲ್ಲ. ಹಾಗಾಗಿ ಅವಳ ಎಲ್ಲ ಸೀರೆಗಳೂ ಮೊದಲು ಆ ಒಂದು ಜಾಗದಲ್ಲೇ ಬಣ್ಣ ಕಳೆದುಕೊಳ್ಳುತ್ತಿದ್ದವು. ಇಳಕಲ್ಲಿನ ನೇಕಾರರ ಓಣಿ ಅದು. ಸೀರೆಯ ಬಣ್ಣ ಎಲ್ಲಿ ಹೋಗಿದೆ ಎಂದು ಕಾಣದ ಕಣ್ಣು ಅಲ್ಲಿ ಒಂದೂ ಇರಲಿಲ್ಲ. ಯಾಕೆ ಹೋಗಿದೆ ಎಂದು ಮಾತ್ರ ಯಾರೂ ಕೇಳುತ್ತಿರಲಿಲ್ಲ.

ಅವಳು ನನ್ನ ಅಣ್ಣನ ಹೆಂಡತಿ. ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ಬಾಗಲಕೋಟೆಯಿಂದ ನಮ್ಮ ಮನೆಗೆ ಬಂದಾಗ ಅವಳಿಗೆ ಹದಿನೆಂಟು, ನನಗೆ ಹತ್ತು. ಅವಳ ತಾಯಿ ಗಂಡ ಸತ್ತ ಮೇಲೆ ಹೊಲಿಗೆ ಮಷಿನ್ನು ತುಳಿದು ಮನೆ ನಡೆಸಿದವಳು. ಮಗಳಿಗೆ ಏಳನೆಯ ಇಯತ್ತೆಯವರೆಗೆ ಓದು ಕಲಿಸಿ, ಒಳ್ಳೆಯ ಕತ್ತರಿಯೊಂದನ್ನು ಕೊಟ್ಟು ಕಳಿಸಿದ್ದಳು. ಸೂಜಿಗೆ ದಾರ ಪೋಣಿಸುವಾಗ ವೈನಿ ಒಂದು ಕಣ್ಣು ಮುಚ್ಚಿ, ನಾಲಿಗೆಯ ತುದಿಯನ್ನು ತುಟಿಯ ಮೂಲೆಗೆ ತಂದುಕೊಳ್ಳುತ್ತಿದ್ದಳು. ಅದನ್ನು ನೋಡಿ ನಾನು ನಗುತ್ತಿದ್ದೆ. ಬಂದ ವಾರದಲ್ಲೇ ನನ್ನ ಲಂಗದ ಹರಿದ ಅಂಚು ಹೊಲಿದುಕೊಟ್ಟು, ಅದನ್ನು ತಿರುವಿ ತೋರಿಸಿದ್ದಳು. "ಹೊಲಿಗಿ ಯಾವಾಗಲೂ ಒಳಗಿಂದ ನೋಡಬೇಕ. ಹೊರಗಿಂದ ಎಲ್ಲಾ ಚಂದನ ಕಾಣತೈತಿ."

ನಮ್ಮ ಮನೆಯಲ್ಲಿ ಹೆಂಗಸರು ತಿಂಗಳ ಮುಟ್ಟಿಗೆ ಬಟ್ಟೆ ಬಳಸುತ್ತಿರಲಿಲ್ಲ. ಮಗ್ಗದ ಮೇಲೆ ಹಾಸಿನ ಉದ್ದೆಳೆಗಳನ್ನು ಕೂಡಿಸುವಾಗ ಕಡಿದು ಬಿಸಾಡುವ ನೂಲಿನ ಸಿಕ್ಕನ್ನು ಮುದ್ದೆ ಮಾಡಿ ಇಟ್ಟುಕೊಳ್ಳುತ್ತಿದ್ದರು. ಕೆಲಸ ಮುಗಿದ ಮೇಲೆ ಹಿತ್ತಲ ತಿಪ್ಪೆಗೆ ಹಾಕಿ ಮೇಲೆ ಬೂದಿ ಎಳೆದರೆ ಆಯಿತು. ಓಣಿಯ ಎಲ್ಲ ಮನೆಗಳಲ್ಲೂ ಹೀಗೇ ಇತ್ತೆಂದು ಹೇಳಲಾರೆ. ನಮ್ಮಲ್ಲಿ ಅಜ್ಜಿಯ ಕಾಲದಿಂದ ಇತ್ತು. ಕೆಂಪು ನೂಲಾದರೆ ಇನ್ನೂ ಒಳ್ಳೆಯದು, ಕಲೆ ಕಾಣುವುದಿಲ್ಲ ಎಂದು ಅವ್ವ ಅದನ್ನೇ ಆರಿಸಿ ಇಡುತ್ತಿದ್ದಳು. ಇಡುತ್ತಿದ್ದದ್ದು ನೇಯುವವರು ಕಾಲು ಇಳಿಬಿಡುವ ಮಗ್ಗದ ಕುಣಿಯ ಪಕ್ಕದ ಮೂಲೆಯಲ್ಲಿ. ಅಲ್ಲಿ ಸದಾ ತೇವ, ಇಲಿಗಳ ಓಡಾಟ. ಬಣ್ಣ ಕೈಗೆ ಹತ್ತುತ್ತಿತ್ತು.

ವೈನಿ ತವರಿನಿಂದ ನಾಲ್ಕು ಮಡಿಕೆ ಬಟ್ಟೆ ತಂದಿದ್ದಳು. ಅವಳ ಪೆಟ್ಟಿಗೆಯಲ್ಲಿ ಅವ್ವ ಅವನ್ನು ಕಂಡ ಬೆಳಿಗ್ಗೆ ನಾನು ಬಚ್ಚಲ ಒಲೆಯ ಮುಂದೆ ಕೂತಿದ್ದೆ. ಅವ್ವ ಅವನ್ನು ಹಿಡಿದುಕೊಂಡು ಅಲ್ಲಿಗೇ ಬಂದಳು, ಹಿಂದೆ ವೈನಿ.

"ಇವೇನಿವು?"

"ನನ್ನವ್ರಿ. ತೊಳದು ಮತ್ತ ಇಟಗೊಳ್ಳೂವು."

"ನಮ್ಮ ಮನ್ಯಾಗ ಇಂಥಾ ಹೊಲಸ ತೊಳಕೋತ ಕೂಡೂದಿಲ್ಲ. ನೇಕಾರರ ಮನ್ಯಾಗ ನೂಲಿಗೆ ಬರ ಬಂದೈತೇನು?"

ಅವ್ವ ನಾಲ್ಕನ್ನೂ ಒಲೆಗೆ ಹಾಕಿದಳು. ಎರಡು ಕೊಡ ನೀರಿಗೆ ಬಾವಿಯ ಹತ್ತಿರ ಅರ್ಧ ತಾಸು ನಿಲ್ಲಬೇಕಿದ್ದ ಓಣಿ ನಮ್ಮದು. ಅವ್ವನ ಮಾತಿನಲ್ಲಿ ಅವಳ ಮಟ್ಟಿಗಿನ ನ್ಯಾಯವೂ ಇತ್ತು. ವೈನಿ ಸೆರಗನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ನಿಂತಿದ್ದಳು. ಅವು ಸುಡುವ ತನಕ ನಿಂತು, ಬಾವಿಗೆ ಹೋದಳು. ಮುಂದಿನ ತಿಂಗಳಿಂದ ಅವಳಿಗೂ ಕೆಂಪು ನೂಲು.

ಮರುವರ್ಷ ಅವಳಿಗೆ ಹೊಟ್ಟೆನೋವು ಶುರುವಾಯಿತು. ಹೊಸ ಸೊಸೆಯರ ಹೊಟ್ಟೆನೋವು ಕೆಲಸ ತಪ್ಪಿಸುವ ನೆವ ಎಂದು ಅವ್ವ ಮೊದಲು ನಂಬಲಿಲ್ಲ. ನಂಬಿದ ಮೇಲೆ ಕಷಾಯ ಕುಡಿಸಿದಳು, ಬಿಸಿ ಇಟ್ಟಿಗೆ ಕೊಟ್ಟಳು. ತಿಂಗಳುಗಳು ಹೋದವು. ಒಂದು ಮಧ್ಯಾಹ್ನ ಜ್ವರದಲ್ಲಿ ನಡುಗುತ್ತಾ ಅವಳು ಒಲೆಯ ಮುಂದೆಯೇ ಬಿದ್ದಳು. ಅಣ್ಣ ಹುನಗುಂದದ ಮೇಲೆ ಹಾಯುವ ಬಸ್ಸಿನಲ್ಲಿ ಅವಳನ್ನು ಬಾಗಲಕೋಟೆಯ ದವಾಖಾನೆಗೆ ಕರೆದುಕೊಂಡು ಹೋದ. ಮೂರು ವಾರ ಅಲ್ಲೇ ಇದ್ದಳು. ತಿರುಗಿ ಬಂದಾಗ ಅಣ್ಣ ಪಡಸಾಲೆಯಲ್ಲಿ ಅವ್ವನಿಗೆ ಹೇಳಿದ್ದನ್ನು ನಾನು ಕೇಳಿದೆ. "ಒಳಗ ಕೀವು ಆಗಿತ್ತಂತ. ಜೀವಾ ಉಳೀತು. ಇನ್ನ ಮಕ್ಕಳಾಗೂದು ಕಷ್ಟ ಅಂದ್ರು ಡಾಕ್ಟರಬಾಯಿ. ಏನು ಇಟಗೊಂತಿದ್ದಿ ಅಂತ ಈಕೀನ್ನ ಕೇಳಿ ಭಾಳ ಸಿಟ್ಟಾದ್ರು." ವೈನಿಯ ಕೈ ಹೊಟ್ಟೆಯ ಮೇಲೆ ಬಂದದ್ದು ಆಗಿನಿಂದ.

ನಾನು ದೊಡ್ಡವಳಾದಾಗ ನನಗೆ ಹದಿನಾಲ್ಕು. ಅವ್ವ ನನ್ನನ್ನು ಮಗ್ಗದ ಹಿಂದೆ ಕರೆದು, ಹೆದರಬೇಡ ಎಂದು ತಲೆ ಸವರಿ, ನೂಲಿನ ಮುದ್ದೆ ಕೈಗಿಟ್ಟಳು. ಆಚೆ ರಾಟಿಯ ಮುಂದೆ ಕಂಡಿಕೆಗೆ ನೂಲು ಸುತ್ತುತ್ತಿದ್ದ ವೈನಿಯ ಕೈ ನಿಂತಿತು.

"ಅತ್ತಿ, ಅದನ್ನ ಈಕಿಗೆ ಕೊಡಬ್ಯಾಡ್ರಿ."

ನಾಲ್ಕು ವರ್ಷದಲ್ಲಿ ಅವಳು ಅವ್ವನಿಗೆ ಎದುರು ಹೇಳಿದ ಮೊದಲ ಮಾತು ಅದು.

"ಯಾಕ? ನಾ ಇಪ್ಪತ್ತೈದು ವರ್ಷ ಇಟಗೊಂಡೀನಿ. ನನಗೇನಾಗೇತಿ?"

"ನಿಮಗ ಆಗಲಿಲ್ಲ, ನನಗಾತು. ಈಕಿ ನಿಮ್ಮಂಗ ಆಗತಾಳೋ ನನ್ನಂಗ ಆಗತಾಳೋ, ಯಾರಿಗೆ ಗೊತ್ತೈತ್ರಿ?"

ಅವ್ವ ನನ್ನ ಮುಖ ನೋಡಿದಳು. ಆಮೇಲೆ ನೂಲನ್ನು ನನ್ನ ಕೈಯಿಂದ ತೆಗೆದುಕೊಂಡು ಅಡುಗೆಮನೆಗೆ ಹೋದಳು.

ವೈನಿಯ ಹತ್ತಿರ ಅವಳ ತಾಯಿಯ ಹಳೆಯ ಬಿಳಿ ಸೀರೆಯೊಂದಿತ್ತು. ಒಗೆದು ಒಗೆದು ಬೆಣ್ಣೆಯಂತೆ ಮೆತ್ತಗಾದದ್ದು. ಅದನ್ನು ಕತ್ತರಿಸಿ, ಪದರದ ಮೇಲೆ ಪದರವಿಟ್ಟು ಎಂಟು ಬಟ್ಟೆ ಹೊಲಿದಳು. ಐದು ನನಗೆ, ಮೂರು ತನಗೆ. ತೊಳೆಯುವುದನ್ನು ಪಕ್ಕದಲ್ಲಿ ಕೂತು ಕಲಿಸಿದಳು. "ಮೊದಲ ತಣ್ಣೀರು. ಬಿಸಿನೀರು ಹಾಕಿದ್ರ ಕಲಿ ಕೂತು ಬಿಡತೈತಿ. ಆಮ್ಯಾಲ ಸೋಡಾ ಹಾಕಿ ಕುದಸು. ಬಿಸಲ ವಾಸನಿ ಬರೂತನಕ ಒಳಗ ತರಬ್ಯಾಡ." ಇದಕ್ಕೆ ಮನೆಯ ನೀರನ್ನು ಮುಟ್ಟುತ್ತಿರಲಿಲ್ಲ. ಎಲ್ಲರಿಗಿಂತ ಮೊದಲೆದ್ದು ತಾನೇ ಎರಡು ಕೊಡ ಹೆಚ್ಚಿಗೆ ಹೊತ್ತು ತರುತ್ತಿದ್ದಳು, ಆ ಹೊಟ್ಟೆ ಹಿಡಿದುಕೊಂಡು.

ಕಷ್ಟವಾದದ್ದು ಒಣಗಿಸುವುದು. ಕಟ್ಟಿಗೆಯ ಕೋಣೆಯಲ್ಲಿ, ಯಾರಿಗೂ ಕಾಣದಂತೆ ಒಣಹಾಕಿರಿ ಎಂದು ಅವ್ವನ ಅಪ್ಪಣೆ. ಒಂದು ತಿಂಗಳು ಹಾಗೇ ಮಾಡಿದೆವು. ಕೋಣೆಯಿಂದ ತಂದ ಬಟ್ಟೆಯನ್ನು ವೈನಿ ಮೂಗಿಗೆ ಹಿಡಿದು, "ಬೂಸ್ಟ ವಾಸನಿ. ಇದಕ್ಕೂ ಆ ನೂಲಿಗೂ ಏನು ಫರಕಾತು?" ಎಂದಳು. ಮರುತಿಂಗಳು ಎಂಟನ್ನೂ ಮಾಳಿಗೆಯ ಮೇಲೆ ಹಗ್ಗ ಕಟ್ಟಿ ಹರವಿದಳು.

ಎದುರು ಮನೆಯ ಕಟ್ಟೆಯ ಮೇಲೆ ಗಂಡಸರು ಕೂಡುತ್ತಿದ್ದರು. ಅವರಲ್ಲೊಬ್ಬ ಅಣ್ಣನನ್ನು ಕೂಗಿ, "ಏನಲೇ, ನಿಮ್ಮ ಮಾಳಿಗಿ ಮ್ಯಾಲ ಬಾವುಟ ಹಾರಾಡಕತ್ತಾವು!" ಎಂದ. ಎಲ್ಲರೂ ನಕ್ಕರು. ಅಣ್ಣ ಮಗ್ಗದಿಂದೆದ್ದು ಮೇಲೆ ಹತ್ತಿ, ಹಗ್ಗದ ಮೇಲಿನ ಬಟ್ಟೆಗಳನ್ನೆಲ್ಲ ಕಿತ್ತು ಓಣಿಗೆ ಎಸೆದ. ವೈನಿ ತಲೆಯ ಮೇಲೆ ಸೆರಗು ಹೊದ್ದು ಹೊರಗೆ ಹೋದಳು. ಗಂಡಸರು ನೋಡುತ್ತಿದ್ದಂತೆಯೇ ಒಂದೊಂದನ್ನೇ ಬಗ್ಗಿ ಆರಿಸಿ, ಧೂಳು ಝಾಡಿಸಿ, ಉಡಿಯಲ್ಲಿ ಹಾಕಿಕೊಂಡಳು. ಅವುಗಳಲ್ಲಿ ಐದು ನನ್ನವು. ನಾನು ಬಾಗಿಲ ಹಿಂದೆ ನಿಂತಿದ್ದೆ. ಇವು ನನ್ನವಲ್ಲ ಎಂದು ಅವಳು ಯಾರಿಗೂ ಹೇಳಲಿಲ್ಲ. ಒಳಗೆ ಬಂದು ಎಂಟನ್ನೂ ಮತ್ತೆ ತೊಳೆದು, ಮತ್ತೆ ಮಾಳಿಗೆ ಹತ್ತಿದಳು.

"ಮತ್ತ ಹಾಕಿದೇನು?" ಎಂದು ಅಣ್ಣ ಗುಡುಗಿದ.

"ಹಾಕೀನ್ರಿ. ನೀವು ಮತ್ತ ಓಣಿಗೆ ಒಗೀರಿ, ನಾ ಮತ್ತ ತೊಳೀತೇನಿ. ನೀರು ನಾನ ತರತೇನಿ."

ಅವನು ಮತ್ತೆ ಎಸೆಯಲಿಲ್ಲ. ಆದರೆ ಒಂದು ತಿಂಗಳು ಅವಳ ಕೂಡ ಮಾತಾಡಲಿಲ್ಲ. ಬಾವಿಯ ಹತ್ತಿರ ಹೆಂಗಸರು ಅವಳಿಂದ ಒಂದು ಮಾರು ದೂರ ಸರಿದು ನಿಂತರು. ಮೊದಲೇ ಬಂಜೆ, ಈಗ ನಾಚಿಕೆಗೆಟ್ಟವಳು ಎಂಬ ಹೆಸರೂ ಕೂಡಿತು.

ಎರಡು ವರ್ಷ ಕಳೆದ ಮೇಲೆ ಅಣ್ಣನಿಗೆ ಇನ್ನೊಂದು ಲಗ್ನ ಮಾಡಿದರು. ಹುಡುಗಿ ಬಾದಾಮಿಯ ಕಡೆಯವಳು, ಬನಶಂಕರಿಯ ಹತ್ತಿರದ ಹಳ್ಳಿ. ವೈನಿಯನ್ನು ಒಂದು ಮಾತು ಕೇಳಿದರು. ಬೇಡ ಎನ್ನುವ ಅಧಿಕಾರ ಅವಳಿಗೆ ಎಲ್ಲಿತ್ತು? "ಮನಿಗೆ ಕೂಸು ಬೇಕಲ್ರಿ" ಎಂದಳು. ಲಗ್ನದ ಹಿಂದಿನ ವಾರವೆಲ್ಲ ಕೂತು ಏನನ್ನೋ ಹೊಲಿಯುತ್ತಿದ್ದಳು. ಕುಬಸ ಇರಬೇಕು ಎಂದುಕೊಂಡೆ. ಹೊಸ ಸೊಸೆ ಬಂದ ನಾಲ್ಕನೆಯ ದಿನ ಅವಳ ಕೈಗೆ ಒಂದು ಗಂಟು ಕೊಟ್ಟಳು. ಬಿಚ್ಚಿದರೆ ಎಂಟು ಬಟ್ಟೆ. ಆ ಹುಡುಗಿ ಅರ್ಥವಾಗದೆ ಅವ್ವನ ಕಡೆ ನೋಡಿತು. ಅವ್ವ ಅಕ್ಕಿಯಲ್ಲಿ ಹರಳು ಆರಿಸುತ್ತಿದ್ದಳು. ತಲೆ ಎತ್ತದೆ ಹೇಳಿದಳು: "ದೊಡ್ಡಾಕಿ ಕೊಟ್ಟದ್ದನ್ನ ಇಟಗೋ. ನೂಲು ಮುಟ್ಟಬ್ಯಾಡ."

ನನ್ನ ಅವ್ವ ತಪ್ಪೊಪ್ಪಿಕೊಂಡದ್ದು ಇಷ್ಟೇ, ಅದೂ ಹೊಸ ಸೊಸೆಯ ಮುಂದೆ. ವೈನಿ ಎದ್ದು ಹಿತ್ತಲಿಗೆ ಹೋದಳು. ನಾನು ಹಿಂದೆ ಹೋದೆ. ಗೋಡೆಗೆ ಹಣೆ ಹಚ್ಚಿ ನಿಂತಿದ್ದಳು. ಅವಳು ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ. ಹೊಸ ವೈನಿಗೆ ಮೂರು ಮಕ್ಕಳಾದವು. ಮೂರನ್ನೂ ಎರೆದು ತೊಟ್ಟಿಲಿಗೆ ಹಾಕಿದವಳು ದೊಡ್ಡ ವೈನಿಯೇ. ಹೆಸರಿಡುವ ದಿನ ಮಾತ್ರ ಬಂಜೆಯೆಂದು ಅವಳನ್ನು ತೊಟ್ಟಿಲ ಹತ್ತಿರ ಬಿಡುತ್ತಿರಲಿಲ್ಲ.

ನನ್ನನ್ನು ಹುನಗುಂದಕ್ಕೆ ಕೊಟ್ಟರು. ಮಗಳು ಹುಟ್ಟಿದ ಮೇಲೆ ವೈನಿ ನಮ್ಮಲ್ಲಿ ಎಂಟು ದಿನ ಇದ್ದಳು. ಹಳೆಯ ಧೋತರ ಹರಿದು ಕೂಸಿಗೆ ಹೊದಿಸಲು ದುಪಟಿ ಹೊಲಿಯುತ್ತಿದ್ದಾಗ ನನಗೆ ತಡೆಯಲಾಗಲಿಲ್ಲ.

"ವೈನಿ, ಅವತ್ತ ಓಣ್ಯಾಗ ಬಿದ್ದವು ನನ್ನವು ಅಂತ ನಾ ಹೇಳಬೇಕಿತ್ತು."

"ಹೇಳಿ ಏನು ಮಾಡಾಕಿ? ನಿನ್ನ ಲಗ್ನಕ್ಕ ಅಡ್ಡ ಬರತಿತ್ತು."

"ಅವ್ವ ಒಲಿಗೆ ಹಾಕಿದಾಗೂ ನಾ ಸುಮ್ಮನ ಕೂತಿದ್ದೆ."

ಅವಳು ಸೂಜಿ ನಿಲ್ಲಿಸಿದಳು. "ನೀ ಸಣ್ಣಾಕಿ ಇದ್ದಿ. ನಾ ದೊಡ್ಡಾಕಿ, ನಾನೂ ಸುಮ್ಮನ ನಿಂತಿದ್ದೆನಲ್ಲ. ಬ್ಯಾರೆ ಯಾರ ಮ್ಯಾಲೂ ನನಗ ಸಿಟ್ಟಿಲ್ಲವ್ವಾ. ನಾ ಹಂಗ ನಿಂತದ್ದೊಂದ ನನಗ ಸಹನ ಆಗೂದಿಲ್ಲ."

ಎಂಬತ್ತರ ದಶಕದ ಕೊನೆಯಲ್ಲಿ ಹೊಟ್ಟೆನೋವು ಮತ್ತೆ ಜೋರಾಯಿತು. ಹೊಟ್ಟೆಯಲ್ಲಿ ಗಡ್ಡೆ ಎಂದರು, ತೆಗೆಯಬೇಕು ಎಂದರು. ತೆಗೆಯುವ ದಿನ ಬರುವುದರೊಳಗೆ ತೀರಿಕೊಂಡಳು. ಅವಳಿಗಿನ್ನೂ ಮೂವತ್ತೈದು ತುಂಬಿರಲಿಲ್ಲ. ಸುದ್ದಿ ಬಂದ ಕೂಡಲೇ ಬಸ್ಸು ಹಿಡಿದು ಇಳಕಲ್ಲಿಗೆ ಹೋದೆ. ಅಂಗಳದ ತುಂಬ ಓಣಿಯ ಹೆಂಗಸರು ಕೂತಿದ್ದರು. ಅವರಲ್ಲೊಬ್ಬ ಮುದುಕಿ ಸೆರಗಿನಿಂದ ಮೂಗು ಒರೆಸಿಕೊಂಡು, "ಪಾಪ, ಬಂಜಿಯಾಗಿ ಬಂದಳು, ಬಂಜಿಯಾಗೇ ಹೋದಳು" ಎಂದಳು.

"ಆಕಿ ಬಂಜಿ ಇರಲಿಲ್ಲ" ಎಂದೆ. ನನ್ನ ದನಿ ಇಷ್ಟು ದೊಡ್ಡದಿದೆ ಎಂದು ನನಗೇ ಗೊತ್ತಿರಲಿಲ್ಲ. "ಏನೂ ಊನ ಇಲ್ಲದ ಬಂದಿದ್ದಳು. ನಮ್ಮ ಮನಿಗೆ ಬಂದು ಹಂಗಾದಳು. ನಾವ ಮಾಡಿದಿವಿ. ನಾ ಹಡದೀನಂದ್ರ, ಈ ಮನ್ಯಾಗ ಮೂರು ಮಕ್ಕಳು ಆಡಕತ್ತಾವಂದ್ರ, ಆಕಿಯಿಂದ."

ಅಣ್ಣ ತಲೆ ತಗ್ಗಿಸಿದ. ಅವ್ವ ಕಂಬ ಹಿಡಿದು ಮೆಲ್ಲಗೆ ಎದ್ದು, ನನ್ನ ಮುಖ ನೋಡದೆ ಒಳಗೆ ಹೋದಳು. ಹೊಸ ವೈನಿ ಹೆಣದ ಹತ್ತಿರ ಸರಿದು, ಕಾಲು ಹಿಡಿದುಕೊಂಡು ಕೂತಳು. ನಾಲ್ಕು ಮಾತು ಆಡಲು ನನಗೆ ಇಷ್ಟು ವರ್ಷ ಬೇಕಾಯಿತು. ಅವಳು ಬದುಕಿದ್ದಾಗ, ಅದೇ ಅಂಗಳದಲ್ಲಿ, ಅವಳ ಕಿವಿಗೆ ಬೀಳುವಂತೆ ಆಡಬೇಕಾಗಿದ್ದ ಮಾತು ಅದು.