ಹದಿನಾರು ಸ್ಪೀಕರಿನ ಎರಡು ಕಂಬ

ಅವ್ವ ಸಂಜೆ ಹೊತ್ತು ಹಾಲಿಗೆ ಬರುವುದನ್ನು ಬಿಟ್ಟದ್ದು ನನಗೆ ತಡವಾಗಿ ತಿಳಿಯಿತು. ಯಾರೂ ಜಗಳ ಆಡಿರಲಿಲ್ಲ. ದೀಪ ಹಚ್ಚಿದ ಮೇಲೆ ಮೂವರೂ ಕೂತು ವಚನ ಗಾಯನ ಕೇಳುವುದು ಶಿವಬಸವ ನಗರದ ನಮ್ಮ ಮನೆಯ ರೂಢಿ. ನಾನು, ನನ್ನ ಹೆಂಡತಿ ಸೋಫಾದ ಮೇಲೆ. ಅವ್ವ ದೂರದಲ್ಲಿ, ಅಡುಗೆಮನೆ ಬಾಗಿಲ ಪಕ್ಕ ಚಾಪೆಯ ಮೇಲೆ. ಅವಳ ಕಿವಿ ಮಂದವಾಗುತ್ತ ಬಂದಂತೆ ನಾನು ಧ್ವನಿ ಏರಿಸುತ್ತ ಹೋದೆ. ಹೆಂಡತಿಗೆ ಅರೆತಲೆನೋವು. ಅವಳು ಸೆರಗಿನಿಂದ ಕಿವಿ ಮುಚ್ಚಿಕೊಂಡದ್ದನ್ನು ಅವ್ವ ಒಂದು ದಿನ ನೋಡಿಬಿಟ್ಟಳು. ಮರುದಿನದಿಂದ ಸರಿಯಾಗಿ ಆ ಹೊತ್ತಿಗೇ ಅವಳಿಗೆ ಒಳಗೆ ಮೆಂತ್ಯ ಪಲ್ಯದ ಎಲೆ ಬಿಡಿಸಿ ಸೋಸುವ ಕೆಲಸ ಹುಟ್ಟಿಕೊಂಡಿತು.

ಕಿವಿಯ ಮಿಷನ್ ತಂದುಕೊಟ್ಟೆ. "ಕಿವ್ಯಾಗ ಹುಳಾ ಒದರಿದಂಗ ಆಗತೈತೋ," ಎಂದು ಅದನ್ನು ಕನ್ನಡಕದ ಡಬ್ಬಿಯಲ್ಲಿ ಮಲಗಿಸಿದಳು. ಮುಂದೆ ಬಂದು ಸೋಫಾದಲ್ಲಿ ಕೂರು ಎಂದರೆ, "ಅಲ್ಲಿ ಕುಂತ್ರ ಕಾಲ ಜೋಲಾಡತಾವ. ನೆಲದ ಮ್ಯಾಗ ಕುಂತಂಗ ಆಗೂದಿಲ್ಲ."

ನಾನು ಮೊದಲೇ ಸಿಟ್ಟಿನ ಮನುಷ್ಯ. ಪಾಲಿಟೆಕ್ನಿಕ್ಕಿನಲ್ಲಿ ಜೀವಮಾನವಿಡೀ ಎಲೆಕ್ಟ್ರಾನಿಕ್ಸ್ ಕಲಿಸಿದವನ ತಾಯಿಗೆ ಅವನ ಮನೆಯಲ್ಲೇ ಹಾಡು ಕೇಳಿಸುವುದಿಲ್ಲವೆಂದರೆ ಏನರ್ಥ? ಒಂದೇ ಸ್ಪೀಕರ್ ಎಂದರೆ ಬಲ್ಬು ಇದ್ದ ಹಾಗೆ. ಹತ್ತಿರದವರ ಕಣ್ಣು ಕುಕ್ಕುತ್ತದೆ, ದೂರದವರಿಗೆ ಮಂಕು. ಸಣ್ಣ ಸಣ್ಣ ಸ್ಪೀಕರುಗಳನ್ನು ಉದ್ದನೆಯ ಕಂಬದಲ್ಲಿ ಒಂದರ ಮೇಲೊಂದು ಕೂರಿಸಿದರೆ ಅದು ಟ್ಯೂಬ್‌ಲೈಟು. ಧ್ವನಿ ಎದುರಿಗೆ ನೆಟ್ಟಗೆ ಹೋಗುತ್ತದೆ, ಮೇಲಕ್ಕೂ ಕೆಳಕ್ಕೂ ಹೆಚ್ಚು ಚೆಲ್ಲುವುದಿಲ್ಲ, ದೂರ ಹೋದರೂ ಬೇಗ ಕುಗ್ಗುವುದಿಲ್ಲ. ಹೆಂಡತಿಯ ತಲೆಯೂ ಉಳಿಯಬೇಕು, ಅವ್ವನೂ ತನ್ನ ಚಾಪೆಗೆ ಮರಳಬೇಕು. ಅಂಥ ಎರಡು ಕಂಬ ನಾನೇ ಕಟ್ಟುತ್ತೇನೆಂದು ಹಟ ಹಿಡಿದೆ.

ನಕ್ಷೆ ಹಿಡಿದು ಖಾನಾಪುರಕ್ಕೆ ಹೋದೆ. ನಮ್ಮ ಮನೆಯ ಬಾಗಿಲುಗಳನ್ನು ಮಾಡಿಕೊಟ್ಟ ಬಡಿಗ ಮಿಸ್ತ್ರಿ ಅಲ್ಲಿರುತ್ತಾರೆ. ಮನೆಯಲ್ಲಿ ಮರಾಠಿ, ನನ್ನ ಜೊತೆ ಕನ್ನಡ; ಅವ್ವನನ್ನು ಮಾತ್ರ ಮರಾಠಿಯಲ್ಲೇ ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಾರೆ. ನಕ್ಷೆಯಂತೆ ಕಂಬ ಏಳಡಿ ಎತ್ತರ, ಒಂದೊಂದರಲ್ಲಿ ಸ್ಪೀಕರಿಗೆ ಹದಿನಾರು ತೂತು, ಕೆಳಗಿನ ಎರಡೂವರೆ ಅಡಿ ಖಾಲಿ, ಅದರೊಳಗೆ ಭಾರಕ್ಕೆ ಮರಳು.

"ಸರ್, ಇದು ಕಪಾಟೇನ್ರಿ, ಗುಡಿ ಕಂಬೇನ್ರಿ?" ಎಂದು ಕೇಳಿದರು. ಪ್ಲೈವುಡ್ ಎಂದಾಗ ಮುಖ ಕಿವುಚಿದರು. ಅಲಂಕಾರ ಏನೂ ಬೇಡವೆಂದು ಮೂರು ಸಲ ಹೇಳಿದ್ದೆ. ಆದರೂ ಕಂಬ ಸಿದ್ಧವಾದಾಗ ನೋಡಿದರೆ ಎರಡರ ತಲೆಯ ಮೇಲೂ ಸಾಗವಾನಿಯ ಕಮಲ ಕೂರಿಸಿದ್ದರು. "ಕಂಬ ಅಂದಮ್ಯಾಲ ತಲಿಮ್ಯಾಲ ಹೂವು ಬೇಕರೀ."

ಊಟದ ಮೇಜಿನ ಮೇಲೆ ಬೆಸುಗೆ ಹಾಕುವಾಗ ಹೆಂಡತಿ ತಂತಿ ಹಿಡಿದುಕೊಂಡಳು. "ಒಂದ ಸ್ಪೀಕರ್ ಜೋರ್ ಆತು ಅಂತ ಮೂವತ್ತೆರಡ ತಂದ್ರಿ. ಶಾಣ್ಯಾ ಅಂದ್ರ ನೀವ ನೋಡ್ರಿ!" ಎಂದು ನಕ್ಕವಳು, ಸ್ವಲ್ಪ ಹೊತ್ತಿಗೆ ತಂತಿ ನೋಡುತ್ತಲೇ ಹೇಳಿದಳು: "ನಾ ಕಿವಿ ಮುಚ್ಚಿಕೊಂಡಿದ್ದು ಅತ್ತಿಯವರು ನೋಡಬಾರದಿತ್ತು." ಇನ್ನೊಂದು ತಂತಿ ಕೊಡು ಎಂದೆ.

ಕಂಬಗಳನ್ನು ನಿಲ್ಲಿಸಲು ಮಿಸ್ತ್ರಿಯೇ ಬಂದರು. ಹಾಡು ಹಚ್ಚಿ, ಅವ್ವನ ಚಾಪೆಯ ಹತ್ತಿರ ಮೊಬೈಲು ಹಿಡಿದು ನಿಂತು ಧ್ವನಿ ಅಳೆದೆ. ಸೋಫಾದ ಹತ್ತಿರ ಎಷ್ಟೋ ಇಲ್ಲಿಯೂ ಹೆಚ್ಚುಕಡಿಮೆ ಅಷ್ಟೇ! ಹಿಗ್ಗಿನಿಂದ ಅವ್ವನನ್ನು ಕರೆದು ಕೂರಿಸಿದೆ. ಎರಡು ಹಾಡು ಕೇಳಿದಳು. "ಛಂದ ಐತಿ," ಎಂದು ಎದ್ದು ಒಳಗೆ ಹೋದಳು.

ಕೇಳಿಸದ್ದಕ್ಕೆಲ್ಲ ಅವ್ವ ಹೇಳುವ ಮಾತು ಅದು. ಕೇಳಿಸಿದ್ದರೆ ಯಾವ ಸಾಲು ತಪ್ಪು ಹಾಡಿದರು ಎಂದು ಹೇಳಿರುತ್ತಿದ್ದಳು. ನನಗೆ ಕಣ್ಣು ತುಂಬಿತು. ಅದನ್ನು ಮುಚ್ಚಿಕೊಳ್ಳಲು ಮಿಸ್ತ್ರಿಯ ಮೇಲೆ ಹರಿಹಾಯ್ದೆ. ಕಮಲ ಯಾಕೆ ಕೂರಿಸಿದಿರಿ ಎಂದು ಕೂಗಾಡಿದೆ. ಪಾಪ, ಕಮಲ ಏನು ಮಾಡಿತ್ತು!

ಮಿಸ್ತ್ರಿ ಕೈಯಲ್ಲಿದ್ದ ಸುತ್ತಿಗೆ ಕೆಳಗಿಟ್ಟರು. ಮೈತುಂಬ ಮರದ ಪುಡಿ ಇದ್ದಾಗ ಯಾರ ಮನೆಯಲ್ಲೂ ಅವರು ಸೋಫಾದ ಮೇಲೆ ಕೂರುವವರಲ್ಲ. ಹೆಂಡತಿ ಕೊಟ್ಟ ಚಹಾ ಹಿಡಿದು ಅಡುಗೆಮನೆ ಬಾಗಿಲ ಪಕ್ಕ ನೆಲದ ಮೇಲೆ ಕೂತರು. ಹಾಡು ನಡೆದೇ ಇತ್ತು. ಒಂದು ಗುಟುಕು ಕುಡಿದವರು ತಲೆ ಎತ್ತಿದರು.

"ಸರ್, ಖರೇ ಹೇಳಲೇನ್ರಿ? ನಿಂತಾಗ ಮಾತು ಸ್ವಚ್ಛ ಇತ್ತು. ಕುಂತ್ರ ಮಬ್ಬ ಆಗತೈತಿ. ಮಾವಶಿ ಕುಂದರೂದು ಇಲ್ಲೇ ಅಲ್ಲೇನ್ರಿ? ಬರ್ರಿ, ನೀವೂ ಕುಂದರ್ರಿ."

ಕೂತೆ. ನನ್ನ ಮನೆಯ ನೆಲದ ಮೇಲೆ ಕೂತು ಎಷ್ಟು ವರ್ಷವಾಗಿತ್ತೋ. ದನಿ ಬರುತ್ತಿತ್ತು, ಮಾತು ಬರುತ್ತಿರಲಿಲ್ಲ. ಧ್ವನಿಯೆಲ್ಲ ನನ್ನ ನೆತ್ತಿಯ ಮೇಲಿಂದ ಹಾದುಹೋಗುತ್ತಿತ್ತು. ನಕ್ಷೆಯಲ್ಲಿ ಸೋಫಾದಲ್ಲಿ ಕೂತ ನನ್ನ ಕಿವಿಯ ಎತ್ತರ ಇತ್ತು, ಹೆಂಡತಿಯ ಕಿವಿಯದೂ ಇತ್ತು, ನಿಂತವರದೂ ಇತ್ತು. ಯಾರಿಗಾಗಿ ಇಷ್ಟೆಲ್ಲ ಮಾಡಿದೆನೋ ಅವಳನ್ನು ಅಳೆದಿರಲೇ ಇಲ್ಲ. ನಾಚಿಕೆಯಾಯಿತು. ಮಿಸ್ತ್ರಿಗೆ ತಪ್ಪಾಯಿತೆಂದೆ.

"ಅದೇನ ಬಿಡ್ರಿ," ಎಂದರು. "ತಲಿಕೆಳಗ ಮಾಡಿ ನಿಂದರಸೂಣ್ರಿ."

ಅಷ್ಟೇ ಸಾಕಾಗಿತ್ತು. ಮರಳನ್ನು ಬಕೆಟ್ಟಿಗೆ ಸುರಿದು, ಕಂಬಗಳನ್ನು ತಿರುವಿ, ಬೀಳದಂತೆ ಗೋಡೆಗೆ ಬಿಗಿದೆವು. ಈಗ ಸ್ಪೀಕರಿನ ಸಾಲು ನೆಲದಿಂದಲೇ ಶುರುವಾಗಿ ಸೋಫಾದವರ ತಲೆ ದಾಟಿ ನಿಂತಿತು. ನಿಂತುಕೊಂಡು ವಚನ ಕೇಳುವವರು ನಮ್ಮಲ್ಲಿ ಯಾರೂ ಇಲ್ಲ. ಮಿಸ್ತ್ರಿ ಕಮಲಗಳನ್ನು ಬಿಚ್ಚಿ ಹೊಸ ತಲೆಗೆ ಕೂರಿಸಿದರು. ಸ್ಕ್ರೂ ಎತ್ತಿಕೊಟ್ಟವನು ಈ ಸಲ ನಾನೇ.

ಆ ಸಂಜೆ ಅವ್ವನನ್ನು ಮೆಂತ್ಯದ ಬುಟ್ಟಿಯ ಸಮೇತ ಕರೆತಂದು ಚಾಪೆಯ ಮೇಲೆ ಕೂರಿಸಿದೆ. "ಕೇಳೀನಲ್ಲೋ ಮುಂಜಾನೆ," ಎಂದು ಗೊಣಗಿದಳು. ಹಾಡು ಶುರುವಾಯಿತು. ಎಲೆ ಬಿಡಿಸುತ್ತಿದ್ದ ಕೈ ನಿಂತಿತು. ನಾನು ಅವಳ ಮುಖ ನೋಡುವ ಧೈರ್ಯವಿಲ್ಲದೆ ಬುಟ್ಟಿಯನ್ನೇ ನೋಡುತ್ತಿದ್ದೆ. ಎರಡನೆಯ ಹಾಡಿಗೆ ಅವಳ ತುಟಿ ಜೊತೆಗೂಡಿತು. ಮೂರನೆಯದು ನಡೆದಾಗ ಅವ್ವ ಸೋಫಾದ ಕಡೆ, ಸೊಸೆಯ ಕಡೆ, ಒಮ್ಮೆ ನೋಡಿ ನನ್ನನ್ನು ಕರೆದಳು.

"ಸ್ವಲ್ಪ ಸಣ್ಣದ ಮಾಡೋ. ಅಕಿಗೆ ತಲಿ ನೂಸತೈತಿ. ನನಗ ಇಷ್ಟ್ಯಾಕ ಬೇಕು?"

ವರ್ಷಗಟ್ಟಲೆ ಏರಿಸುತ್ತಲೇ ಬಂದ ಧ್ವನಿಯನ್ನು ಅಂದು ಮೊದಲ ಸಲ ಇಳಿಸಿದೆ.