ಸ್ಟ್ಯಾಂಡ್ ಭಾವ
ಬೀದಿಯವರೆಲ್ಲ ಅವರನ್ನು ಕರೆಯುವುದೇ ಸ್ಟ್ಯಾಂಡ್ ಭಾವ ಎಂದು. ಹೆಂಡತಿಯ ತಮ್ಮ ಇಟ್ಟ ಹೆಸರು ಹಾಗೇ ಅಂಟಿಕೊಂಡಿದೆ. ಭಾನುವಾರ ಬಂತೆಂದರೆ ಹಳೇ ಕಾರಿನ ರಿಪೇರಿ. ಆದರೆ ರಿಪೇರಿಗಿಂತ ಅದರ ಪೀಠಿಕೆಯೇ ದೊಡ್ಡದು. ನೆಲ ಗಟ್ಟಿಯಾಗಿ ಸಮತಟ್ಟಾಗಿರಬೇಕು, ಹ್ಯಾಂಡ್‌ಬ್ರೇಕ್ ಎಳೆದಿರಬೇಕು, ನೆಲದ ಮೇಲೇ ಉಳಿಯುವ ಚಕ್ರಗಳಿಗೆ ಮರದ ತುಂಡು ಅಡ್ಡ ಕೊಡಬೇಕು. ಜಾಕಿನಿಂದ ಎತ್ತಿದ ಮೇಲೆ ಎರಡೂ ಬದಿಗೆ ಕಬ್ಬಿಣದ ಸ್ಟ್ಯಾಂಡ್ ಕೊಟ್ಟು, ಭಾರವನ್ನು ನಿಧಾನವಾಗಿ ಅವುಗಳ ಮೇಲೆ ಇಳಿಸಿ, ಕಾರನ್ನು ಭುಜದಿಂದ ನೂಕಿ ನೋಡಬೇಕು. "ಜಾಕ್ ಇರೋದು ಎತ್ತೋಕೆ ಕಣಯ್ಯ, ಹೊತ್ತು ನಿಲ್ಲೋಕಲ್ಲ" ಎಂಬುದು ಅವರ ಮಂತ್ರ. ತಿಂಗಳುಗಟ್ಟಲೆ ಓಡಿಸುವುದಿಲ್ಲವೆಂದರೆ ಕಾರನ್ನು ನಾಲ್ಕು ಸ್ಟ್ಯಾಂಡ್ ಮೇಲೆ ಕೂರಿಸಿ, ಹೊದಿಕೆ ಹೊದಿಸಿ, ಮಗುವನ್ನು ಮಲಗಿಸಿದವರಂತೆ ಬೆಕ್ಕಿನ ಹೆಜ್ಜೆಯಲ್ಲಿ ಒಳಗೆ ಬರುತ್ತಾರೆ. ನೆಂಟರ ಮನೆಯಲ್ಲಿ ಕುರ್ಚಿಯನ್ನೂ ಅಲ್ಲಾಡಿಸಿ ನೋಡದೆ ಕೂರುವವರಲ್ಲ. "ನನ್ನನ್ನ ಮಾತ್ರ ಅಲ್ಲಾಡಿಸಿ ನೋಡದೇ ಮದುವೆಯಾಗಿಬಿಟ್ರು" ಎಂದು ಹೆಂಡತಿ ನಗುತ್ತಾಳೆ. ಕಳೆದ ವಾರ ಆಕೆಯ ತಮ್ಮ ತನ್ನ ಕಾರನ್ನು ಅದೇ ಅಂಗಳಕ್ಕೆ ತಂದ. "ಒಂದೇ ಒಂದು ನಟ್ಟು ಭಾವ, ಅದಕ್ಕೂ ಇಷ್ಟೆಲ್ಲ ಶಾಸ್ತ್ರ ಯಾಕೆ?" ಎನ್ನುತ್ತ, ಬರೀ ಜಾಕಿನ ಮೇಲೆ ನಿಂತ ಕಾರಿನ ಕೆಳಗೆ ನುಸುಳಿದ. ಎಂದೂ ದನಿ ಏರಿಸದ ಭಾವ ಚೀರಿದರು, ಅವನ ಎರಡೂ ಕಾಲು ಹಿಡಿದು ದರದರ ಎಳೆದರು. ಅವನ ತಲೆ ಹೊರಬಂದಿತ್ತಷ್ಟೇ, ಜಾಕ್ ಜಾರಿ ಕಾರು ಧಡಾರನೆ ಕುಸಿಯಿತು. "ಬಿಡಿ ಭಾವ, ಹೊರಗೆ ಬಂದೆನಲ್ಲ" ಎಂದು ತಮ್ಮ ಎಷ್ಟು ಹೇಳಿದರೂ ಅವರು ಹಿಡಿದ ಕಾಲುಗಳನ್ನು ಬಿಡಲಿಲ್ಲ. ಕೊನೆಗೆ ಹೆಂಡತಿಯೇ ಪಕ್ಕದಲ್ಲಿ ಕೂತು ಅವರ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು.