ಹಾಯಿದೋಣಿಗೊಂದು ಸದ್ದಿಲ್ಲದ ಫ್ಯಾನು

ಗಾಳಿಯಿಂದಲೇ ನಡೆಯುವ ದೋಣಿಗೆ ಗಾಳಿ ಬೀಸುವ ಫ್ಯಾನೊಂದನ್ನು ಆರಿಸಿಕೊಡುವ ಕೆಲಸ ನನ್ನ ಪಾಲಿಗೆ ಬಂದೀತೆಂದು ನಾನು ಎಂದೂ ಎಣಿಸಿರಲಿಲ್ಲ. ಮೈಸೂರಿನಲ್ಲಿ ಹುಟ್ಟಿ, ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಅಡ್ಡಾಡುವುದನ್ನೇ ಜಲವಿಹಾರವೆಂದು ತಿಳಿದು ಅರವತ್ತು ದಾಟಿದವನು ನಾನು. ಆದರೂ ಒಪ್ಪಿಕೊಂಡೆ. ಉಪಕಾರಬುದ್ಧಿಯಿಂದ ಒಪ್ಪಿಕೊಂಡೆನೆಂದು ಬರೆದರೆ ನಿಮಗೆ ನನ್ನ ಮೇಲೆ ಗೌರವ ಹೆಚ್ಚೀತು. ಆದರೆ ಮೂವತ್ತೊಂದು ವರ್ಷ ನ್ಯಾಯಾಲಯದ ದಾಖಲೆ ಕೋಣೆಯನ್ನು ಕಾದವನು ಸುಳ್ಳು ಬರೆಯಬಾರದು. ನಾನು ಒಪ್ಪಿಕೊಂಡದ್ದು ಹಳೆಯ ಸೇಡಿಗೆ.

ನನ್ನ ಕಾಲದಲ್ಲಿ ಆ ದಾಖಲೆ ಕೋಣೆಯಿಂದ ಒಂದು ಚೂರು ಕಾಗದವೂ ಕಳೆದುಹೋಗಲಿಲ್ಲ. ಆ ಅಭ್ಯಾಸ ಕ್ರಮೇಣ ಮನಸ್ಸಿಗೂ ಇಳಿಯಿತು. ನನಗೆ ಯಾರು, ಎಲ್ಲಿ, ಯಾರ ಎದುರಿಗೆ, ಎಷ್ಟರ ಮಟ್ಟಿಗೆ ಅಗೌರವ ತೋರಿದರೆಂಬುದೆಲ್ಲ ಅಲ್ಲಿ ಕೆಂಪು ದಾರ ಕಟ್ಟಿದ ಕಡತಗಳಾಗಿ ಕುಳಿತಿದೆ. ಎದುರುಮನೆಯ ಗೌರಮ್ಮನವರು ನವರಾತ್ರಿಯ ಬೊಂಬೆ ನೋಡಲು ಬೀದಿಗೆ ಬೀದಿಯನ್ನೇ ಕರೆದು ನಮ್ಮ ಮನೆಯನ್ನು ಮಾತ್ರ ಬಿಟ್ಟದ್ದು ಒಂದು ಕಡತ. ಕಚೇರಿಯ ಗ್ರೂಪ್ ಫೋಟೋದಲ್ಲಿ ಶಿರಸ್ತೇದಾರರ ಜರತಾರಿ ರುಮಾಲು ನನ್ನ ಮುಖದ ಮುಕ್ಕಾಲು ಪಾಲನ್ನು ಮುಚ್ಚಿ, ಉಳಿದ ಕಾಲು ಪಾಲು ಯಾರೋ ಕಳ್ಳ ಇಣುಕಿದಂತೆ ಕಾಣುವುದು ಇನ್ನೊಂದು. ಇವೆಲ್ಲಕ್ಕಿಂತ ದಪ್ಪನಾದ ಕಡತ ನನ್ನ ಅಕ್ಕನ ಗಂಡ, ಭಾವ ನಂಜಪ್ಪನವರದು.

ಹನ್ನೊಂದು ವರ್ಷದ ಹಿಂದೆ, ವೈಶಾಖದ ಉರಿಬಿಸಿಲಿನಲ್ಲಿ, ಅವರ ಮಗಳ ಮದುವೆ ನಡೆಯಿತು. ನಾನು ಹುಡುಗಿಯ ಸೋದರಮಾವ. ಮದುವೆಯಲ್ಲಿ ಸೋದರಮಾವನ ಸ್ಥಾನವೇನೆಂದು ಕನ್ನಡಿಗರಿಗೆ ನಾನು ಹೇಳಬೇಕಾಗಿಲ್ಲ. ಹೆಣ್ಣನ್ನು ಹಸೆಮಣೆಗೆ ಕರೆತಂದವನು ನಾನು. ಊಟದ ಪಂಕ್ತಿಯಲ್ಲಿ ನನ್ನ ಎಲೆಯ ಹತ್ತಿರವೇ ಬಾಡಿಗೆಗೆ ತಂದ ನಿಲುವು ಫ್ಯಾನೊಂದು ಇತ್ತು. ಚಿರೋಟಿ ಬಡಿಸುವವರೆಗೆ ಅದರ ಗಾಳಿ ನನ್ನ ಕಡೆಗಿತ್ತು. ನಾನು ಬಗ್ಗಿ ಚಿರೋಟಿ ಮುರಿದು ತಲೆ ಎತ್ತುವಷ್ಟರಲ್ಲಿ ಅದರ ಮುಖ ಬೀಗರ ಪಂಕ್ತಿಯತ್ತ ತಿರುಗಿತ್ತು! ಫ್ಯಾನು ತಾನಾಗಿ ಕತ್ತು ತಿರುಗಿಸುವಂತಿರಲಿಲ್ಲ. ಆ ವ್ಯವಸ್ಥೆ ಕೆಟ್ಟಿದೆಯೆಂದು ಬಾಡಿಗೆಯವನೇ ಬೆಳಿಗ್ಗೆ ಹೇಳಿಹೋಗಿದ್ದ. ಪಕ್ಕದಲ್ಲಿ ನಿಂತಿದ್ದವರು ನಂಜಪ್ಪ ಭಾವ. ಇದಕ್ಕಿಂತ ಹೆಚ್ಚಿನ ಸಾಕ್ಷ್ಯ ಬೇಕೆ? ಬೀಗರಿಗೆ ಗಾಳಿ, ಸೋದರಮಾವನಿಗೆ ಬೆವರು. ಅಂದಿನಿಂದ ನಾನು ಅವರೊಡನೆ ಅಗತ್ಯವಿದ್ದಷ್ಟೇ ಮಾತಾಡುತ್ತ ಬಂದೆ. ಅಗತ್ಯವೆಂದರೆ ವರ್ಷಕ್ಕೆ ಸುಮಾರು ಆರು ವಾಕ್ಯ.

ನಂಜಪ್ಪ ಭಾವ ಇಂಜಿನಿಯರಾಗಿದ್ದವರು. ನೌಕರಿಯ ನಡುವೆ ನಾಲ್ಕು ವರ್ಷ ಮುಂಬಯಿಯಲ್ಲಿದ್ದಾಗ ಸಮುದ್ರದಲ್ಲಿ ಹಾಯಿದೋಣಿಗಳನ್ನು ಕಂಡು ಮರುಳಾಗಿದ್ದರು. ನಿವೃತ್ತರಾದಮೇಲೆ ಬಡಗಿಗಳನ್ನು ಹಿಡಿದು, ಮನೆಯ ಹಿತ್ತಲಿನಲ್ಲಿಯೇ, ದೇವರಮನೆಯಷ್ಟು ಕೋಣೆಯುಳ್ಳ ಒಂದು ಹಾಯಿದೋಣಿಯನ್ನು ಕಟ್ಟಿಸಿದರು. ಎಂಜಿನು ಕೂರಿಸಿ ಎಂದವರಿಗೆಲ್ಲ, ಬೇಡ, ಹಾಯಿಯೇ ಇರಲಿ ಎಂದು ಹಟ ಹಿಡಿದರಂತೆ. ಅದನ್ನು ಲಾರಿಯ ಮೇಲೆ ಕನ್ನಂಬಾಡಿಯ ಹಿನ್ನೀರಿಗೆ ಸಾಗಿಸಿದ ದಿನ ಬೀದಿಯ ಜನ ಮೆರವಣಿಗೆಯೆಂದು ತಿಳಿದು ಕೈಮುಗಿದರಂತೆ. ನನಗೆ ಆಹ್ವಾನವಿರಲಿಲ್ಲ. (ಇತ್ತು, ಆದರೆ ಪೋಸ್ಟ್ ಕಾರ್ಡಿನಲ್ಲಿ. ಮನೆಗೆ ಬಂದು ಕರೆಯಬೇಕಿತ್ತು.)

ಹೀಗಿರುವಾಗ ಒಂದು ಬೆಳಿಗ್ಗೆ ಅವರೇ ನಮ್ಮ ಮನೆಯ ಜಗಲಿಗೆ ಬಂದು ಕುಳಿತರು.

"ಪುಟ್ಟಸ್ವಾಮಿಯೋರೇ, ನಿಮ್ಮಿಂದ ಒಂದು ಕೆಲಸ ಆಗ್ಬೇಕು ಕಣ್ರೀ. ದೋಣಿ ಕೋಣೆಗೆ ಒಂದು ಫ್ಯಾನು ಬೇಕು. ಸದ್ದು ಮಾಡಬಾರದು, ಬ್ಯಾಟರಿ ನುಂಗಬಾರದು. ಈ ಮೈಸೂರಲ್ಲಿ ಸದ್ದು ಕಂಡ್ರೆ ನಿಮ್ಮಷ್ಟು ಸಿಡಿಯೋರು ಇನ್ನೊಬ್ಬರಿಲ್ಲ. ನೀವು ಪಾಸು ಮಾಡಿದ್ದು ಯಾರಿಗಾದ್ರೂ ಆಗ್ತದೆ."

"ನೀರಿನ ಮೇಲೆ ಅಷ್ಟು ಗಾಳಿ ಇರುವಾಗ ಫ್ಯಾನು ಏತಕ್ಕೆ?" ಎಂದೆ. ಆ ವರ್ಷದ ಆರರಲ್ಲಿ ಅದು ಮೂರನೆಯ ವಾಕ್ಯ.

"ಗಾಳಿ ಹಾಯಿಗಾಯ್ತು. ಒಳಗೆ ಕೂತೋರು ಇಡ್ಲಿ ಥರ ಬೇಯ್ತಾರೆ. ಫ್ಯಾನಿಲ್ಲದಿದ್ರೆ ನಿಮ್ಮಕ್ಕ ಕಾಲೇ ಇಡಲ್ಲ ಅಂತವ್ಳೆ. ಸದ್ದು ಮಾಡೋ ಫ್ಯಾನಿದ್ರೂ ಇಡಲ್ವಂತೆ. ಅವಳು ಬರದಿದ್ರೆ ಈ ದೋಣಿ ನಂಗ್ಯಾಕೆ?"

ಹನ್ನೊಂದು ವರ್ಷದಿಂದ ಕಾಯುತ್ತಿದ್ದ ವಾಯಿದೆ ಬಂದಿತ್ತು. ನಾನು ನನ್ನ ಷರತ್ತನ್ನು ಮುಂದಿಟ್ಟೆ: ಫ್ಯಾನು ಆರಿಸಿಕೊಡುತ್ತೇನೆ, ಅದಕ್ಕೆ ಪ್ರತಿಯಾಗಿ, ಮದುವೆಯ ದಿನ ಫ್ಯಾನು ತಿರುಗಿಸಿದ್ದು ತಪ್ಪಾಯಿತೆಂದು ಅಕ್ಕನ ಎದುರಿಗೆ ಹೇಳಬೇಕು. ಭಾವ ಒಳಗಿನಿಂದ ಬಂದ ಕಾಫಿಯನ್ನು ಕೈಗೆತ್ತಿಕೊಂಡರು. ಆಮೇಲೆ, "ಆಯ್ತು ಬುಡಿ, ದೋಣಿ ಮೇಲೆ ಹೇಳ್ತೀನಿ," ಎಂದು ಕಾಫಿ ಕುಡಿದು ಎದ್ದುಹೋದರು. ಅಷ್ಟು ಸುಲಭವಾಗಿ ಒಪ್ಪಿಕೊಂಡದ್ದು ನನಗೆ ಅಪಮಾನವೆನಿಸಿತು. ಹನ್ನೊಂದು ವರ್ಷ ಸಾಕಿದ ಸಿಟ್ಟಿಗೆ ಅರ್ಧ ಲೋಟ ಕಾಫಿಯಷ್ಟೂ ಪ್ರತಿರೋಧವಿಲ್ಲವೆ?

ಗಾಳಿಯ ವಿಷಯದಲ್ಲಿ ನಮ್ಮ ಹಿರಿಯರು ನಮಗಿಂತ ಸೂಕ್ಷ್ಮವಾಗಿದ್ದರು. ದೇವರಿಗೆ ಚಾಮರ ಬೀಸಿದರು, ತಮಗೆ ಲಾವಂಚದ ಬೀಸಣಿಗೆ ಮಾಡಿಕೊಂಡರು. ಎರಡೂ ಪಿಟ್ಟೆನ್ನುವುದಿಲ್ಲ. ನಾನು ಕೆಲಸಕ್ಕೆ ಸೇರಿದಾಗ ನ್ಯಾಯಾಲಯದಲ್ಲಿ ಹಗ್ಗ ಎಳೆದು ಬೀಸುವ ಪಂಖಾ ಇತ್ತು. ಅದನ್ನು ಎಳೆಯುತ್ತಿದ್ದ ಮುದುಕ ನಿದ್ದೆಹೋದರೂ ಅವನ ಕಾಲು ಮಾತ್ರ ಹಗ್ಗವನ್ನು ಎಳೆಯುತ್ತಲೇ ಇರುತ್ತಿತ್ತು. ವಕೀಲರ ಗಂಟಲಿನ ಹೊರತು ಬೇರೆ ಸದ್ದಿರಲಿಲ್ಲ. ಶಾಸ್ತ್ರಕಾರರು ಪ್ರಾಣ, ಅಪಾನ, ವ್ಯಾನ, ಉದಾನ, ಸಮಾನ ಎಂದು ಐದು ವಾಯುಗಳನ್ನು ಹೇಳಿದರು. ಬಾಡಿಗೆ ಫ್ಯಾನಿನ ವಾಯುವನ್ನು ಅವರು ಕಂಡಿರಲಿಲ್ಲ. ಕಂಡಿದ್ದರೆ ಮೋಕ್ಷದ ದಾರಿಯನ್ನು ಇನ್ನಷ್ಟು ಚಿಕ್ಕದು ಮಾಡುತ್ತಿದ್ದರು.

ಇರಲಿ. ನಾನು ಪರೀಕ್ಷೆಯ ಕ್ರಮವನ್ನು ಒಂದು ಹಾಳೆಯಲ್ಲಿ ಬರೆದೆ. ಫ್ಯಾನು ತಿರುಗುತ್ತಿರುವಾಗ ನಮ್ಮ ನಡುಮನೆಯ ಗೋಡೆ ಗಡಿಯಾರದ ಟಿಕ್ ಟಿಕ್ ನನಗೆ ಕೇಳಿಸಬೇಕು. ಮೂರು ಮಾರು ದೂರದಲ್ಲಿ ಹಚ್ಚಿಟ್ಟ ಊದುಬತ್ತಿಯ ಹೊಗೆ ಬಾಗಬೇಕು. ಬೆಳಿಗ್ಗೆಯಿಂದ ಸಂಜೆಯವರೆಗೆ ತಿರುಗಿದ ಮೇಲೂ ಅದೇ ಬ್ಯಾಟರಿಯಲ್ಲಿ ಪುಟ್ಟ ದೀಪವೊಂದು ಮಂಕಾಗದೆ ಉರಿಯಬೇಕು.

ಮಂಡಿ ಮೊಹಲ್ಲಾದಲ್ಲಿ ಮೋಟಾರು ರಿಪೇರಿ ಮಾಡುವ ಗಫಾರ್ ಸಾಬರು ಮೂರು ಫ್ಯಾನುಗಳನ್ನು ಹೊತ್ತು ತಂದರು. ಮೊದಲನೆಯದು ಗುಜರಿಗೆ ಬಂದಿದ್ದ ರೈಲಿನ ಫ್ಯಾನು. ಅದಕ್ಕೆ ಒಂದು ಬ್ಯಾಟರಿ ಸಾಲದೆಂದು ಎರಡನ್ನು ಜೋಡಿಸಿದರು. ಅದು ಹೊರಟ ಕೂಡಲೇ ಗೂಡಿನಲ್ಲಿದ್ದ ಲೋಟಗಳು ನಡುಗಿದವು.

"ಸಾಬರೇ, ಇದು ಏನು ಆರ್ಭಟ?"

"ರೈಲಿಂದು ಯಜಮಾನ್ರೇ. ರೈಲಲ್ಲಿ ಇದರ ಸದ್ದು ಯಾರ್ ಕೇಳ್ತಾರೆ? ರೈಲೇ ಇದಕ್ಕಿಂತ ಜಾಸ್ತಿ ಅರಚ್ತದೆ!"

ಅಷ್ಟರಲ್ಲಿ ಎದುರುಮನೆಯ ಗೌರಮ್ಮನವರು ಬಾಗಿಲಿಗೆ ಬಂದರು. ಕಂಕುಳಲ್ಲಿ ಒಂದು ಕುಕ್ಕೆ ರಾಗಿ.

"ಹಿಟ್ಟಿನ ಮಿಷನ್ ಹಾಕಿಸ್ಬುಟ್ರಾ? ಒಳ್ಳೇದಾಯ್ತು ಬುಡಿ, ಅಷ್ಟು ದೂರ ಹೋಗೋದು ತಪ್ತು."

ಬೊಂಬೆಗೆ ಕರೆಯದವರು ರಾಗಿ ಹೊತ್ತು ಬಂದರಲ್ಲ! ಅವರ ಕಡತಕ್ಕೆ ಒಂದು ಹಾಳೆ ಸೇರಿತು.

ಎರಡನೆಯದು ಯುದ್ಧ ಮುಗಿದ ಮೇಲೆ ಮಾರಿಬಿಟ್ಟ ಮಿಲಿಟರಿ ಸಾಮಾನು. ಸದ್ದೇ ಇಲ್ಲ. ಆದರೆ ಊದುಬತ್ತಿಯ ಹೊಗೆ ನೆಟ್ಟಗೆ ಮೇಲಕ್ಕೇರಿ ತೊಲೆಯನ್ನು ಮುಟ್ಟಿತು. ಮೂರನೆಯದು ಮೋಟಾರು ಕಾರಿನಲ್ಲಿ ಮುಂದೆ ಕೂರಿಸುವ ಪುಟ್ಟ ಫ್ಯಾನು; ರೆಕ್ಕೆಗಳು ಕಪ್ಪು ರಬ್ಬರಿನವು. ಅದು ತಿರುಗಿತು, ಹೊಗೆ ಬಾಗಿತು, ಗಡಿಯಾರ ಟಿಕ್ ಟಿಕ್ ಎಂದಿತು. ಸಂಜೆ ದೀಪವೂ ಮಂಕಾಗಲಿಲ್ಲ. ನಾನು ಹಾಳೆಯ ಕೆಳಗೆ 'ಮಂಜೂರು' ಎಂದು ಬರೆದು ರುಜು ಹಾಕಿ, ಅಕ್ಕನನ್ನು ಕರೆತರಲು ಹೇಳಿಕಳಿಸಿದೆ.

ಮಾರನೆಯ ದಿನ ಭಾವ ಅಕ್ಕನನ್ನು ಕರೆತಂದರು. ನಾನು ಅವಳನ್ನು ನಡುಮನೆಯಲ್ಲಿ ಕೂರಿಸಿ, ಫ್ಯಾನು ಹಾಕಿ, ಗಡಿಯಾರದ ಕಡೆಗೆ ಬೆರಳು ತೋರಿಸಿ, ವಕೀಲರು ಸಾಕ್ಷಿಯನ್ನು ನೋಡುವಂತೆ ನೋಡಿದೆ.

ಅಕ್ಕ ಗಡಿಯಾರವನ್ನು ದಿಟ್ಟಿಸಿದಳು. "ಕೀ ಕೊಡೋದು ಮರೆತ್ಯೇನೋ ಪುಟ್ಟೂ? ನಿಂತೋಗಿದೆಯಲ್ಲೋ."

ಗಡಿಯಾರಕ್ಕೆ ಕೀ ಕೊಡುವುದನ್ನು ನಾನು ಮರೆಯುವುದೆ! ಉತ್ತರಿಸಲು ಬಾಯಿ ತೆರೆದವನು ಭಾವನ ಕಡೆಗೆ ತಿರುಗಿದೆ. ಅವರು ನೆಲ ನೋಡುತ್ತಿದ್ದರು. ನಾನು ಫ್ಯಾನನ್ನು ನಿಲ್ಲಿಸಿದೆ. ಅಕ್ಕ ಎಡಗಿವಿಯನ್ನು ಗಡಿಯಾರದತ್ತ ತಿರುಗಿಸಿದಳು.

"ಈಗ ನಡೀತಾ ಇದೆ," ಎಂದಳು.

ಆಮೇಲೆ ಅಕ್ಕ ಸೆರಗು ಸರಿಮಾಡಿಕೊಂಡು ಹೇಳಿದಳು: "ಬಲಗಿವಿ ಹೋಗಿ ಹದಿಮೂರು ವರ್ಷ ಆಯ್ತು ಕಣೋ. ಎಡಗಿವೀನೂ ಅಷ್ಟಕ್ಕಷ್ಟೇ. ಸುತ್ತ ಸದ್ದಿಲ್ದಿದ್ರೆ ಕೇಳ್ತದೆ. ಫ್ಯಾನು, ಗೀನು ಹಾಕಿದ್ರೆ ಮಾತೆಲ್ಲ ಕಲಸೋಗ್ತದೆ. ಮಗಳ ಮದುವೆ ಮುಂದಿತ್ತು. ತಾಯಿ ಕಿವುಡಿ ಅಂತ ಗೊತ್ತಾದ್ರೆ ಬೀಗರು ಹುಡುಗಿ ಕಿವಿಗೂ ಹೆಸರಿಡ್ತಾರೆ ಅಂತ ಯಾರಿಗೂ ಹೇಳ್ಲಿಲ್ಲ. ಇವರತ್ರ ಆಣೆ ಹಾಕಿಸ್ಕೊಂಡೆ. ಆಮೇಲೆ ಹೇಳಕ್ಕೆ ನಾಚಿಕೆ."

ದೋಣಿಗೆ ಎಂಜಿನು ಬೇಡ, ಹಾಯಿಯೇ ಇರಲಿ ಎಂದು ಭಾವ ಹಟ ಹಿಡಿದದ್ದೇಕೆಂದು ನನಗೆ ಆಗ ಹೊಳೆಯಿತು. ಮುದುಕ ತನ್ನ ಹೆಂಡತಿಯೊಡನೆ ಮಾತಾಡಲು ಊರಿನ ಸದ್ದು ಮುಟ್ಟದ ಒಂದು ಕೋಣೆಯನ್ನು ನೀರಿನ ಮೇಲೆ ಕಟ್ಟಿದ್ದ.

ಮರುಕ್ಷಣವೇ ಇನ್ನೊಂದು ಸಂಗತಿಯೂ ಹೊಳೆಯಿತು. ಈ ಹದಿಮೂರು ವರ್ಷ ನಾನು ಪ್ರತಿ ಭಾನುವಾರ ಅಕ್ಕನ ಮನೆಯಲ್ಲಿ, ಗರಗರನೆ ತಿರುಗುವ ಚಾವಣಿ ಫ್ಯಾನಿನ ಕೆಳಗೆ ಕುಳಿತು, ನನಗಾದ ಅನ್ಯಾಯಗಳನ್ನೆಲ್ಲ ನಿವೇದಿಸಿಕೊಂಡಿದ್ದೆ. ಅವಳು ತಲೆದೂಗುತ್ತಿದ್ದಳು. ನನ್ನ ದುಃಖವನ್ನು ಅಕ್ಕನಷ್ಟು ತಾಳ್ಮೆಯಿಂದ ಕೇಳುವವರು ಲೋಕದಲ್ಲಿಯೇ ಇಲ್ಲವೆಂದು ನಾನು ಅನೇಕರಿಗೆ ಹೇಳಿದ್ದೆ.

"ಮದುವೆ ಮನೇಲಿ ಆ ಫ್ಯಾನು ತಿರುಗಿಸಿದ್ದೂ ನಾನೇ," ಎಂದಳು ಅಕ್ಕ. "ನೀನು ಎಲೆ ಮುಂದೆ ಕೂತು ಏನೋ ಕೇಳ್ತಿದ್ದೆ. ತುಟಿ ಅಲ್ಲಾಡೋದು ಕಾಣ್ತಿತ್ತು, ಮಾತು ಗಾಳಿಗೋಗ್ತಿತ್ತು. ಅದರ ಕತ್ತು ಆ ಕಡೆ ತಿರುಗಿಸ್ಬುಟ್ಟು ಬಗ್ಗಿ ಕೇಳಿದೆ. ಚಿರೋಟಿಗೆ ಹಾಲು ಬಂದಿಲ್ಲ ಅಂತಿದ್ದೆ. ತಂದು ಹುಯ್ದೆ. ಎರಡು ಸಲ. ಜ್ಞಾಪಕ ಇಲ್ವೇನೋ?"

ನಾನು ಕಣ್ಣು ಮುಚ್ಚಿ ಕಡತವನ್ನು ಬಿಚ್ಚಿದೆ. ಫ್ಯಾನಿತ್ತು. ಬೀಗರಿದ್ದರು. ನನ್ನ ಕತ್ತಿನ ಹಿಂದೆ ಇಳಿದ ಬೆವರಿನ ಹನಿಯೂ ಇತ್ತು. ಹಾಲು ಇರಲಿಲ್ಲ. ಒಂದು ಕಾಗದವೂ ಕಳೆಯದ ದಾಖಲೆ ಕೋಣೆ! ಅಲ್ಲಿಗೆ ಬಾದಾಮಿ ಹಾಲು, ಅದೂ ಎರಡು ಸಲ, ಬಂದು ಸೇರಿಯೇ ಇರಲಿಲ್ಲ.

"ನೀವಾದರೂ ಹೇಳಬಾರದಿತ್ತೆ ಭಾವ?" ಎಂದೆ. ನನ್ನ ವಾಕ್ಯಗಳ ಮಿತಿ ಅಷ್ಟು ಹೊತ್ತಿಗೆ ಮೀರಿಹೋಗಿತ್ತು.

"ಆಣೆ ಹಾಕಿದ್ನಲ್ಲ. ಜೊತೆಗೆ, ನೀವು ಮಾತು ಬಿಟ್ಟಿದ್ರಿಂದ ನಂಗೂ ಸ್ವಲ್ಪ ನೆಮ್ಮದಿ ಇತ್ತು ಕಣ್ರೀ," ಎಂದರು ಭಾವ.

ಪರೀಕ್ಷೆಯನ್ನು ಮೊದಲಿನಿಂದ ನಡೆಸಬೇಕಾಯಿತು. ಗಡಿಯಾರವನ್ನು ಕೈಬಿಟ್ಟು ಅಕ್ಕನನ್ನೇ ಅಳತೆಗೋಲಾಗಿ ಇಟ್ಟುಕೊಂಡೆ. ಅವಳು ನನಗೆ ಬೆನ್ನು ಮಾಡಿ ಕುಳಿತಳು. ನಾನು ಪತ್ರಿಕೆ ಓದಿದೆ. ಅವಳು ತನಗೆ ಕೇಳಿಸಿದ್ದನ್ನು ಮರಳಿ ಹೇಳಿದಳು. ಗಫಾರ್ ಸಾಬರು ರಬ್ಬರ್ ರೆಕ್ಕೆಯ ಫ್ಯಾನಿಗೆ ತಂತಿಯ ಸುರುಳಿಯೊಂದನ್ನು ಸೇರಿಸಿ ಅದರ ಓಟವನ್ನು ಇಳಿಸುತ್ತ ಹೋದರು. ಅದು ಎಮ್ಮೆ ಕಿವಿ ಬೀಸಿದಷ್ಟು ನಿಧಾನವಾದಾಗ ಅಕ್ಕ ಒಂದು ಇಡೀ ಸುದ್ದಿಯನ್ನು ತಪ್ಪಿಲ್ಲದೆ ಒಪ್ಪಿಸಿದಳು. ಬ್ಯಾಟರಿಯ ಖರ್ಚೂ ಇನ್ನಷ್ಟು ಇಳಿಯಿತು. ಹೊಗೆ ಬಾಗಿತೆ ಎಂದು ಕೇಳುತ್ತೀರಿ. ಸೌಜನ್ಯಕ್ಕೆಂಬಂತೆ ಸ್ವಲ್ಪ ಬಾಗಿತು.

ಮುಂದಿನ ಭಾನುವಾರ ಮಧ್ಯಾಹ್ನ ಹಿನ್ನೀರಿನ ನಡುವೆ ದೋಣಿಯನ್ನು ನಿಲ್ಲಿಸಿ, ಹಾಯಿ ಇಳಿಸಿ, ನಾವು ಮೂವರೂ ಆ ಕೋಣೆಯಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಕುಳಿತೆವು. ಭಾವ ಬುತ್ತಿ ಬಿಚ್ಚುವುದಕ್ಕೆ ಮುಂಚೆ, "ಮದುವೆ ದಿನ ಫ್ಯಾನು ತಿರುಗಿದ್ದು ತಪ್ಪಾಯ್ತು ಪುಟ್ಟಸ್ವಾಮಿಯೋರೇ," ಎಂದು ಕೊಟ್ಟ ಮಾತನ್ನು ನಡೆಸಿದರು. ಮಾಡದ ತಪ್ಪಿಗೆ ಕ್ಷಮೆ ಕೇಳಿದರೆ ಅದನ್ನು ಯಾವ ಕಡತದಲ್ಲಿ ಸೇರಿಸುವುದು? ಹನ್ನೊಂದು ವರ್ಷ ಬಯಸಿದ್ದು ಕೈಗೆ ಬಂದಾಗ ಮೊಸರನ್ನದಷ್ಟೂ ರುಚಿಸಲಿಲ್ಲ.

ಬೇರೆ ಮಾತು ತೋಚದೆ ನಾನು ಗ್ರೂಪ್ ಫೋಟೋದ ಪ್ರಸಂಗವನ್ನು ತೆಗೆದೆ. ಫ್ಯಾನು ಅಕ್ಕನ ಪಕ್ಕದಲ್ಲಿದ್ದು ನನ್ನ ಕಡೆಗೆ ಬೀಸುತ್ತಿತ್ತು. ಅಕ್ಕ ಎಡಗಿವಿಯನ್ನು ಮುಂದೆ ಚಾಚಿದಳು, ಹುಬ್ಬು ಗಂಟಿಕ್ಕಿತು. ಎಷ್ಟು ನಿಧಾನವಾದರೇನು, ಕಿವಿಗೆ ಅಷ್ಟು ಹತ್ತಿರವಿದ್ದರೆ ಫ್ಯಾನು ಫ್ಯಾನೇ. ನಾನು ಕೈ ಚಾಚಿ ಅದನ್ನು ತೆಗೆದು ದೂರದ ಮೂಲೆಯಲ್ಲಿಟ್ಟು, ಅದರ ಮುಖವನ್ನು ನನ್ನ ಕಡೆಯಿಂದ ಕಿಟಕಿಯತ್ತ ತಿರುಗಿಸಿದೆ. ಮತ್ತೆ ಮೊದಲಿನಿಂದ ಹೇಳಿದೆ. ರುಮಾಲಿನ ಹಿಂದಿನಿಂದ ಕಳ್ಳನಂತೆ ಇಣುಕುವ ನನ್ನ ಕಾಲು ಮುಖದವರೆಗೆ ಬರುವಷ್ಟರಲ್ಲಿ ಅಕ್ಕ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು.

"ಅಯ್ಯೋ, ಇಂಥದ್ದನ್ನ ಇಷ್ಟು ದಿನ ನಂಗೆ ಹೇಳೇ ಇಲ್ವಲ್ಲೋ!"

ಕಡಿಮೆಯೆಂದರೆ ಇಪ್ಪತ್ತು ಸಲ ಹೇಳಿದ್ದೆ. ಪ್ರತಿ ಸಲವೂ ಅವಳು ಮರುಗಿದ್ದಳು. ಅದು ನಗುವ ಕಥೆಯೆಂದು ನನಗೂ ಅಂದೇ ತಿಳಿದದ್ದು. ಇನ್ನೊಂದು ಹೇಳೆಂದಳು, ಗೌರಮ್ಮನವರ ರಾಗಿಯ ಪ್ರಸಂಗ ಹೇಳಿದೆ. ಭಾವನೂ ನಕ್ಕರು, ದೋಣಿಯೂ ಅಲುಗಿತು.

ಆ ಕೋಣೆ ನಿಜವಾಗಿಯೂ ಇಡ್ಲಿಯ ಪಾತ್ರೆಯೇ. ಬೆವರು ನನ್ನ ಕತ್ತಿನ ಹಿಂದೆ ಇಳಿದು ಅಂಗಿಯನ್ನು ತೋಯಿಸುತ್ತಿತ್ತು. ನಾನಾಗಿಯೇ ಫ್ಯಾನು ತಿರುಗಿಸಿ ಶೆಕೆಯಲ್ಲಿ ಕುಳಿತದ್ದನ್ನು ಅವರಿಬ್ಬರಲ್ಲಿ ಒಬ್ಬರೂ ಗಮನಿಸಲಿಲ್ಲ. ಇದನ್ನು ಮಾತ್ರ ನಾನು ಎಂದಿಗೂ ಮರೆಯುವುದಿಲ್ಲ.